ಗೌಗಮೇಲದ ಕಥೆಯನ್ನು ಸೋತವರ ಕಡೆಯಿಂದಲೂ ಕೇಳಬೇಕು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಗೌಗಮೇಲ ಯುದ್ಧದ ಕುರಿತು ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ಕ್ರಿ.ಪೂ. 331ರ ಅಕ್ಟೋಬರ್ 1ರಂದು ಮ್ಯಾಸಿಡೋನಿಯಾದ ಅಲೆಕ್ಸಾಂಡರನು ಪರ್ಷಿಯಾದ ಮೂರನೇ ಡೇರಿಯಸನನ್ನು ಸೋಲಿಸಿ, ಎರಡು ಶತಮಾನಗಳಿಗೂ ಮಿಕ್ಕಿ ಬಾಳಿದ ಅಕೆಮೆನಿಡ್ ಸಾಮ್ರಾಜ್ಯದ ಬೆನ್ನು ಮುರಿದ ಆ ದಿನಕ್ಕೆ ಕನ್ನಡದ ದಿನಪತ್ರಿಕೆಯೊಂದು ಒಂದಿಡೀ ಪುಟವನ್ನು ಕೊಟ್ಟದ್ದು ಇತಿಹಾಸವನ್ನು ಕಲಿಸುತ್ತ ಬದುಕು ಕಳೆದ ನನ್ನಂಥವನಿಗೆ ಬಹಳ ಸಂತೋಷ ತಂದಿತು. ಆದರೆ ಲೇಖನದ ಸಾರಾಂಶ ಮೂರೇ ವಾಕ್ಯಗಳದ್ದು: 47 ಸಾವಿರ ಮಂದಿ 10 ಲಕ್ಷ ಮಂದಿಯನ್ನು ಗೆದ್ದರು, ಹೇಡಿಯಾದ ರಾಜ ಎಲ್ಲರಿಗಿಂತ ಮೊದಲು ಓಡಿಹೋದ, ಅಲ್ಲಿಗೆ ಸಾಮ್ರಾಜ್ಯ ಕುಸಿಯಿತು. ನಮ್ಮ ಶಾಲೆ ಕಾಲೇಜುಗಳಲ್ಲಿಯೂ ಮಕ್ಕಳು ಇದೇ ಮೂರು ವಾಕ್ಯಗಳನ್ನು ಬಾಯಿಪಾಠ ಒಪ್ಪಿಸುವುದನ್ನು ನಾನು ಕೇಳುತ್ತ ಬಂದಿದ್ದೇನೆ. ಈ ಮೂರರಲ್ಲಿ ಮೊದಲನೆಯದು ನಂಬಲರ್ಹವಲ್ಲ, ಎರಡನೆಯದಕ್ಕೆ ವಿರುದ್ಧವಾದ ಸಾಕ್ಷ್ಯವಿದೆ, ಮೂರನೆಯದು ಹೇಗಾಯಿತು ಎಂಬುದೇ ನಿಜವಾಗಿ ತಿಳಿಯಬೇಕಾದ ವಿಷಯ. ಹಾಗಾಗಿ ಈ ಪತ್ರ ಸ್ವಲ್ಪ ದೀರ್ಘವಾಗಿದ್ದರೂ ದಯವಿಟ್ಟು ಪ್ರಕಟಿಸಬೇಕೆಂದು ಕೋರುತ್ತೇನೆ.

ಮೊದಲು ಈ ಕಥೆ ನಮಗೆ ಎಲ್ಲಿಂದ ಬಂದಿದೆ ಎಂಬುದನ್ನು ನೋಡೋಣ. ಯುದ್ಧದ ವಿವರಗಳಿಗಾಗಿ ಎಲ್ಲರೂ ಆಶ್ರಯಿಸುವುದು ಡಿಯೊಡೋರಸ್, ಕರ್ಟಿಯಸ್, ಪ್ಲುಟಾರ್ಕ್ ಮತ್ತು ಅರ್ರಿಯನ್ ಎಂಬ ನಾಲ್ವರು ಪ್ರಾಚೀನ ಗ್ರೀಕ್, ರೋಮನ್ ಲೇಖಕರನ್ನು. ಇವರಲ್ಲಿ ಹೆಚ್ಚು ಹಿಂದಿನವನಾದ ಡಿಯೊಡೋರಸ್ ಬರೆದದ್ದು ಯುದ್ಧ ಮುಗಿದು ಸುಮಾರು 300 ವರ್ಷಗಳ ಮೇಲೆ. ಹೆಚ್ಚು ನಂಬಲರ್ಹನೆಂದು ಗಣಿಸಲಾಗುವ ಅರ್ರಿಯನ್ ಬರೆದದ್ದು 400 ವರ್ಷಗಳಿಗೂ ಆಚೆ. ಅರ್ರಿಯನ್ ಆಧರಿಸಿದ್ದು ಟಾಲೆಮಿ ಮತ್ತು ಅರಿಸ್ಟೊಬ್ಯುಲಸರ ಬರಹಗಳನ್ನು. ಇಬ್ಬರೂ ಅಲೆಕ್ಸಾಂಡರನ ಜೊತೆಯಲ್ಲಿ ದಂಡಯಾತ್ರೆಗೆ ಹೊರಟವರು, ಅಂದರೆ ಇಬ್ಬರೂ ಗೆದ್ದ ಪಕ್ಷದವರು. ಅವರು ಸುಳ್ಳು ಬರೆದರೆಂದು ನಾನು ಹೇಳುತ್ತಿಲ್ಲ. ಆದರೆ ಗೆದ್ದವನ ಪಾಳೆಯದಲ್ಲಿ ಕುಳಿತವನಿಗೆ ಎದುರಾಳಿಯ ಸೈನ್ಯ ಎಷ್ಟು ದೊಡ್ಡದಾಗಿ ಕಂಡರೂ ಸಾಲದು, ಎದುರಾಳಿ ರಾಜ ಎಷ್ಟು ಅಲ್ಪನಾಗಿ ಕಂಡರೂ ಸಾಲದು ಎಂಬುದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಹತ್ತು ಲಕ್ಷದ ಮಾತು ನೋಡಿ. ಅರ್ರಿಯನ್ ಪ್ರಕಾರ ಡೇರಿಯಸನ ಕಡೆ 10 ಲಕ್ಷ ಕಾಲಾಳು, 40 ಸಾವಿರ ಕುದುರೆ ಸವಾರರು, ಚಕ್ರಗಳಿಗೆ ಕುಡುಗೋಲಿನಂಥ ಅಲಗು ಕಟ್ಟಿದ 200 ರಥಗಳು, 15 ಆನೆಗಳು. ಡಿಯೊಡೋರಸ್ 8 ಲಕ್ಷ ಕಾಲಾಳು ಮತ್ತು 2 ಲಕ್ಷ ಸವಾರರು ಎನ್ನುತ್ತಾನೆ. ಕರ್ಟಿಯಸ್ 2 ಲಕ್ಷ ಕಾಲಾಳು, 45 ಸಾವಿರ ಸವಾರರು ಎಂದು ಬಹಳ ಕೆಳಗಿಳಿಯುತ್ತಾನೆ. ಒಂದೇ ಯುದ್ಧದ ಬಗ್ಗೆ, ಒಂದೇ ಪಕ್ಷದಿಂದ ಬಂದ ಲೆಕ್ಕಗಳಲ್ಲಿ ಐದು ಪಾಲಿನ ವ್ಯತ್ಯಾಸವಿದ್ದರೆ ಅವುಗಳಲ್ಲಿ ಅತ್ಯಂತ ದೊಡ್ಡದನ್ನೇ ಆರಿಸಿ ಶೀರ್ಷಿಕೆಗೆ ಹಾಕುವುದು ಯಾವ ನ್ಯಾಯ? ಉಡುಪಿ ಜಿಲ್ಲೆಯ ಒಟ್ಟು ಜನಸಂಖ್ಯೆ 2011ರ ಜನಗಣತಿಯಂತೆ 11.77 ಲಕ್ಷ. ಬೈಂದೂರಿನಿಂದ ಕಾರ್ಕಳದವರೆಗಿನ ಮಕ್ಕಳು ಮುದುಕರೂ ಸೇರಿದ ಇಷ್ಟು ಜನರನ್ನು ಒಂದು ಬಯಲಿನಲ್ಲಿ ನಿಲ್ಲಿಸಿ ವಾರಗಟ್ಟಲೆ ಊಟ ಹಾಕಬೇಕೆಂದರೆ, ತಲೆಗೆ ದಿನಕ್ಕೆ ಒಂದು ಕಿಲೋ ಧಾನ್ಯವೆಂದಿಟ್ಟುಕೊಂಡರೂ ದಿನವೊಂದಕ್ಕೆ 1,000 ಟನ್‌ಗೂ ಹೆಚ್ಚು ಬೇಕಾಗುತ್ತದೆ. 40 ಸಾವಿರ ಕುದುರೆಗಳಿಗೆ ತಲಾ 25 ಲೀಟರಿನಂತೆ ನೀರು ಕೊಟ್ಟರೆ ಅದೇ ದಿನಕ್ಕೆ 10 ಲಕ್ಷ ಲೀಟರ್. ಹುಲ್ಲಿನ ಮಾತು ಬೇರೆ. ಇದೆಲ್ಲವೂ ಎತ್ತಿನ ಗಾಡಿ ಮತ್ತು ಒಂಟೆಗಳ ಮೇಲೆ ಬರಬೇಕಾಗಿದ್ದ ಕಾಲವದು, ಅದೂ ಬೇಸಿಗೆ ಮುಗಿಯುತ್ತಿದ್ದ ಮೆಸೊಪಟೇಮಿಯಾದಲ್ಲಿ. ಇಂದಿನ ಇತಿಹಾಸಕಾರರಲ್ಲಿ ಬಹುಮಂದಿ ಪರ್ಷಿಯನ್ ಸೈನ್ಯವನ್ನು 50 ಸಾವಿರದಿಂದ 1 ಲಕ್ಷದ ಆಸುಪಾಸಿನಲ್ಲಿ ಅಂದಾಜಿಸುವುದು ಇಂಥ ಲೆಕ್ಕಗಳ ಬಲದಿಂದಲೇ. ಡೇರಿಯಸನ ಸೈನ್ಯ ದೊಡ್ಡದಿತ್ತು, ಅದರ ಸಾಲು ಅಲೆಕ್ಸಾಂಡರನ ಸಾಲಿಗಿಂತ ಎರಡೂ ಬದಿಗಳಲ್ಲಿ ಉದ್ದವಾಗಿತ್ತು ಎಂಬುದು ನಿಜ. ಅಷ್ಟು ಹೇಳಿದರೆ ಸಾಕು.

ಸತ್ತವರ ಲೆಕ್ಕವೂ ಹೀಗೆಯೇ. ಅಲೆಕ್ಸಾಂಡರನ ಕಡೆ ಸುಮಾರು 100 ಮಂದಿ, ಪರ್ಷಿಯನ್ನರ ಕಡೆ 3 ಲಕ್ಷ ಎಂದು ಅರ್ರಿಯನ್ ಬರೆಯುತ್ತಾನೆ. ಅದೇ ಅರ್ರಿಯನ್, ಅದೇ ಯುದ್ಧದ ಒಂದೇ ಒಂದು ಘರ್ಷಣೆಯಲ್ಲಿ ಅಲೆಕ್ಸಾಂಡರನ ಆಪ್ತ ಅಶ್ವದಳದ 60 ಮಂದಿ ಸತ್ತರೆಂದೂ ಬರೆದಿದ್ದಾನೆ. ಹಾಗಿದ್ದರೆ ಉಳಿದ ಇಡೀ ದಿನ, ಉಳಿದ ಇಡೀ ಸೈನ್ಯದಲ್ಲಿ ಸತ್ತವರು ಬರೀ 40 ಮಂದಿಯೇ?

ಸಂಖ್ಯೆಯನ್ನು ಬದಿಗಿಟ್ಟರೆ ಯುದ್ಧ ನಡೆದ ರೀತಿ ಎಷ್ಟು ಸ್ವಾರಸ್ಯಕರವೆಂಬುದು ಕಾಣುತ್ತದೆ. ಇಂದಿನ ಇರಾಕಿನ ಉತ್ತರ ಭಾಗದಲ್ಲಿ, ಮೊಸುಲ್ ನಗರದ ಈಶಾನ್ಯಕ್ಕಿರುವ ಬಯಲು ಈ ಯುದ್ಧಭೂಮಿ ಎಂದು ಬಹುಮಂದಿ ವಿದ್ವಾಂಸರ ಮತ. ಅಲ್ಲಿನ ತೆಲ್ ಗೊಮೆಲ್ ಎಂಬ ದಿಬ್ಬವನ್ನು ಗೌಗಮೇಲವೆಂದು ಗುರುತಿಸುತ್ತಾರೆ. ಎರಡು ವರ್ಷ ಮೊದಲು ಇಸಸ್‌ನಲ್ಲಿ ಬೆಟ್ಟ ಮತ್ತು ಸಮುದ್ರದ ನಡುವಿನ ಇಕ್ಕಟ್ಟಿನಲ್ಲಿ ಸಿಕ್ಕಿ ಸೋತಿದ್ದ ಡೇರಿಯಸ್ ಈ ಸಲ ತನಗೆ ಬೇಕಾದ ನೆಲವನ್ನು ತಾನೇ ಆರಿಸಿದ್ದ. ರಥಗಳು ಸರಾಗವಾಗಿ ಓಡಲೆಂದು ಏರುತಗ್ಗುಗಳನ್ನು ಸಮಗೊಳಿಸಿ ಸಿದ್ಧಪಡಿಸಿದ್ದ. ಹೇಡಿಯೆಂದು ನಾವು ಕರೆಯುವ ಮನುಷ್ಯ ಇಷ್ಟು ಮುಂದಾಲೋಚನೆ ಮಾಡಿದ್ದ ಎಂಬುದನ್ನು ಗಮನಿಸಬೇಕು. ಆದರೆ ಆ ಸಿದ್ಧತೆಯೇ ಅವನನ್ನು ಒಂದು ಜಾಗಕ್ಕೆ ಕಟ್ಟಿಹಾಕಿತು. ಯುದ್ಧದ ಹಿಂದಿನ ರಾತ್ರಿ ಮ್ಯಾಸಿಡೋನಿಯನ್ನರು ಕತ್ತಲಲ್ಲಿ ಮೇಲೆರಗಬಹುದೆಂಬ ಶಂಕೆಯಿಂದ ಪರ್ಷಿಯನ್ ಸೈನ್ಯವಿಡೀ ಆಯುಧ ಹಿಡಿದು ನಿಂತೇ ಇತ್ತು. ಅತ್ತ ಹಿರಿಯ ಸೇನಾನಿ ಪಾರ್ಮೇನಿಯನ್ ರಾತ್ರಿ ದಾಳಿಯ ಸಲಹೆ ಕೊಟ್ಟಾಗ ಗೆಲುವನ್ನು ಕದ್ದು ಪಡೆಯುವುದಿಲ್ಲವೆಂದು ಅಲೆಕ್ಸಾಂಡರ್ ನಿರಾಕರಿಸಿದನಂತೆ. ಬೆಳಿಗ್ಗೆ ಹೊತ್ತೇರಿದರೂ ಏಳದೆ ಮಲಗಿದ್ದ ಅವನನ್ನು ಪಾರ್ಮೇನಿಯನ್ನನೇ ಎಬ್ಬಿಸಬೇಕಾಯಿತೆಂದು ಪ್ಲುಟಾರ್ಕ್ ಹೇಳುತ್ತಾನೆ. ಆ ಸಂಭಾಷಣೆಗಳು ಕಟ್ಟುಕಥೆಯಾಗಿರಬಹುದು. ಆದರೆ ನಿದ್ರೆಗೆಟ್ಟು ರಾತ್ರಿಯೆಲ್ಲ ನಿಂತ ದಣಿವು ಮತ್ತು ಕಾಯುವಿಕೆಯಲ್ಲಿ ಬೆಳೆದ ಭಯ ಪರ್ಷಿಯನ್ನರನ್ನು ಬಹಳವಾಗಿ ಕೆಡಿಸಿತೆಂಬ ಅರ್ರಿಯನ್ನನ ಮಾತು ನನಗೆ ಹತ್ತು ಲಕ್ಷದ ಲೆಕ್ಕಕ್ಕಿಂತ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಅಲೆಕ್ಸಾಂಡರನಿಗೆ ತನ್ನ ಸಾಲನ್ನು ಎದುರಾಳಿ ಎರಡೂ ಕಡೆಯಿಂದ ಬಳಸಿ ಸುತ್ತುವರಿಯುತ್ತಾನೆಂಬುದು ಗೊತ್ತಿತ್ತು. ಹಾಗಾಗಿ ಉದ್ದನೆಯ ಭರ್ಜಿ ಹಿಡಿದ ಫ್ಯಾಲಾಂಕ್ಸ್ ಪಡೆಯ ಹಿಂದೆ ಇನ್ನೊಂದು ಸಾಲನ್ನು ನಿಲ್ಲಿಸಿ, ಅಗತ್ಯ ಬಿದ್ದರೆ ಹಿಮ್ಮುಖವಾಗಿ ತಿರುಗಿ ಕಾದಾಡಬೇಕೆಂದು ಆಜ್ಞಾಪಿಸಿದ. ಎರಡು ಅಂಚುಗಳಲ್ಲಿಯೂ ಓರೆಯಾಗಿ ಪಡೆಗಳನ್ನಿಟ್ಟ. ಅನಂತರ ಎದುರಾಳಿಯ ಕಡೆಗೆ ನೇರ ಸಾಗದೆ ಬಲಕ್ಕೆ, ಮತ್ತಷ್ಟು ಬಲಕ್ಕೆ ಸರಿಯುತ್ತ ಹೋದ. ಹೀಗೆ ಬಿಟ್ಟರೆ ಮ್ಯಾಸಿಡೋನಿಯನ್ನರು ತಾನು ಸಮಗೊಳಿಸಿದ ನೆಲವನ್ನು ದಾಟಿ ಆಚೆ ಹೋಗುತ್ತಾರೆ, ರಥಗಳೆಲ್ಲ ವ್ಯರ್ಥವಾಗುತ್ತವೆ ಎಂದು ಡೇರಿಯಸನಿಗೆ ಆತಂಕವಾಯಿತು. ಅವರನ್ನು ತಡೆಯಲು ಎಡಗಡೆಯ ಸಿಥಿಯನ್ ಮತ್ತು ಬ್ಯಾಕ್ಟ್ರಿಯನ್ ಸವಾರರನ್ನು ಕಳುಹಿಸಿದ. ಅವರನ್ನೆದುರಿಸಿ ಅಲೆಕ್ಸಾಂಡರ್ ಒಂದಾದ ಮೇಲೊಂದು ಸಣ್ಣ ತುಕಡಿ ಕಳುಹಿಸುತ್ತಿದ್ದಂತೆ ಪರ್ಷಿಯನ್ನರ ಕಡೆಯಿಂದಲೂ ಹೆಚ್ಚು ಹೆಚ್ಚು ಮಂದಿ ಆ ಬದಿಗೆ ಸೆಳೆಯಲ್ಪಟ್ಟರು. ಇತ್ತ ನುಗ್ಗಿ ಬಂದ ರಥಗಳನ್ನು ಅಗ್ರಿಯಾನಿಯನ್ ಈಟಿಗಾರರು ದೂರದಿಂದಲೇ ಹೊಡೆದು, ಲಗಾಮು ಹಿಡಿದು ಸಾರಥಿಗಳನ್ನು ಕೆಳಗೆಳೆದರು. ತಪ್ಪಿಸಿಕೊಂಡು ಬಂದ ರಥಗಳಿಗೆ ಸೈನಿಕರು ಸಾಲು ಬಿಡಿಸಿ ದಾರಿ ಕೊಟ್ಟರು, ಅವು ಹಾಗೆಯೇ ಹಿಂದಕ್ಕೆ ಹೋಗಿ ಸಿಕ್ಕಿಬಿದ್ದವು. ಅಷ್ಟರಲ್ಲಿ ಪರ್ಷಿಯನ್ ಸಾಲಿನಲ್ಲಿ ಎಡಗಡೆ ಮತ್ತು ಮಧ್ಯದ ನಡುವೆ ಒಂದು ಬಿರುಕು ಕಾಣಿಸಿತು. ಅಲೆಕ್ಸಾಂಡರ್ ತನ್ನ ಆಪ್ತ ಅಶ್ವದಳವನ್ನು ಬೆಣೆಯ ಆಕಾರದಲ್ಲಿ ತಿರುಗಿಸಿ ಆ ಬಿರುಕಿನೊಳಗೆ, ನೇರವಾಗಿ ಡೇರಿಯಸನ ಕಡೆಗೆ ನುಗ್ಗಿಸಿದ. ಇಡೀ ಯುದ್ಧದ ತಿರುವು ಇದು. ಇಲ್ಲಿ ಗೆದ್ದದ್ದು ಅಲೆಕ್ಸಾಂಡರನ ಕಣ್ಣು ಮತ್ತು ತಾಳ್ಮೆ, ಅವನ ಪಡೆಗಳ ತರಬೇತಿ. ಇದನ್ನು ಮನಸಾರೆ ಮೆಚ್ಚಬೇಕು; ಮೆಚ್ಚಲು ಎದುರಾಳಿಯನ್ನು ಹತ್ತುಪಟ್ಟು ಹಿಗ್ಗಿಸಬೇಕಾಗಿಲ್ಲ.

ತಮ್ಮ ಲೇಖನದಲ್ಲಿ ಒಂದು ಮಾತೂ ಬಾರದಿದ್ದ, ಆದರೆ ನಮಗೆ ಅತ್ಯಂತ ಹತ್ತಿರದ ಸಂಗತಿಯೊಂದಿದೆ. ಆ ಬಯಲಿನಲ್ಲಿ ಡೇರಿಯಸನ ಕಡೆಯಿಂದ ಭಾರತೀಯರೂ ಹೋರಾಡಿದರು. ಗಾಂಧಾರ ಮತ್ತು ಸಿಂಧೂ ನದಿಯ ಪ್ರದೇಶ ಮೊದಲನೇ ಡೇರಿಯಸನ ಶಾಸನಗಳಲ್ಲಿಯೇ ಪರ್ಷಿಯನ್ ಸಾಮ್ರಾಜ್ಯದ ಭಾಗಗಳಾಗಿ ಹೆಸರಿಸಲ್ಪಟ್ಟಿವೆ. ಯುದ್ಧಾನಂತರ ಕೈಗೆ ಸಿಕ್ಕಿದ ಪರ್ಷಿಯನ್ ವ್ಯೂಹದ ಬರಹವನ್ನು ನೋಡಿ ಅರಿಸ್ಟೊಬ್ಯುಲಸ್ ಕೊಟ್ಟ ವಿವರವನ್ನು ಅರ್ರಿಯನ್ ಉಳಿಸಿಕೊಟ್ಟಿದ್ದಾನೆ. ಬ್ಯಾಕ್ಟ್ರಿಯಾದ (ಇಂದಿನ ಉತ್ತರ ಅಫ್ಘಾನಿಸ್ತಾನ) ನೆರೆಯ ಭಾರತೀಯರು ಅಲ್ಲಿನ ಕ್ಷತ್ರಪ, ಅಂದರೆ ಪ್ರಾಂತಾಧಿಕಾರಿ, ಬೆಸಸ್‌ನ ಕೈಕೆಳಗೆ ಬಂದಿದ್ದರು. ಅರಕೋಸಿಯಾದ ಕ್ಷತ್ರಪ ಬರ್ಸಾಯಂಟಿಸ್ ತನ್ನ ಜನರ ಜೊತೆ ಬೆಟ್ಟಗಾಡಿನ ಭಾರತೀಯರನ್ನು ಕರೆತಂದಿದ್ದ. ಹದಿನೈದು ಆನೆಗಳು ಸಿಂಧೂ ನದಿಯ ಪಶ್ಚಿಮ ದಡದ ಭಾರತೀಯರವು. ಈ ಆನೆಗಳನ್ನು ಮಧ್ಯದಲ್ಲಿ, ರಾಜನ ಮುಂದುಗಡೆ ನಿಲ್ಲಿಸುವ ಯೋಜನೆಯಿತ್ತು. ಆದರೆ ಹೋರಾಟದ ವರ್ಣನೆಯಲ್ಲಿ ಅವುಗಳ ಸುಳಿವೇ ಇಲ್ಲ. ಕೊನೆಗೆ ಪಾರ್ಮೇನಿಯನ್ ಪರ್ಷಿಯನ್ ಪಾಳೆಯವನ್ನು ಹಿಡಿದಾಗ ಒಂಟೆಗಳ ಜೊತೆ ಅವು ಅಲ್ಲಿ ಸಿಗುತ್ತವೆ.

ಭಾರತೀಯ ಸವಾರರ ಪಾತ್ರ ಮಾತ್ರ ಸಣ್ಣದಲ್ಲ. ಅಲೆಕ್ಸಾಂಡರ್ ಬಲಗಡೆಯಿಂದ ಮುನ್ನುಗ್ಗಿದಾಗ ಅವನ ಎಡಗಡೆ ಪಾರ್ಮೇನಿಯನ್ನನ ಪಡೆ ಮಜಾಯಸ್ ಎಂಬ ಪರ್ಷಿಯನ್ ಸೇನಾನಿಯ ಒತ್ತಡಕ್ಕೆ ಸಿಕ್ಕಿ ನಿಂತಲ್ಲೇ ನಿಂತಿತ್ತು. ಹಾಗಾಗಿ ಮ್ಯಾಸಿಡೋನಿಯನ್ ಸಾಲಿನಲ್ಲಿಯೂ ಬಿರುಕು ಬಿಟ್ಟಿತು. ಆ ಸಂದಿಯಲ್ಲಿ ನುಸುಳಿ ಹಿಂಭಾಗದ ಸರಂಜಾಮಿನವರೆಗೆ ತಲುಪಿದವರು ಭಾರತೀಯ ಮತ್ತು ಪರ್ಷಿಯನ್ ಸವಾರರು. ಅವರು ಅಲ್ಲಿಂದಲೇ ಹಿಂದಿರುಗಿ ಫ್ಯಾಲಾಂಕ್ಸ್‌ನ ಬೆನ್ನಿಗೆ ಬಿದ್ದಿದ್ದರೆ ಆ ದಿನದ ಫಲಿತಾಂಶ ಏನಾಗುತ್ತಿತ್ತೋ. ಅವರು ಪಾಳೆಯ ಸೂರೆಗೆ ಇಳಿದರು, ಅಲೆಕ್ಸಾಂಡರ್ ಹಿಂದಿಟ್ಟಿದ್ದ ಎರಡನೇ ಸಾಲು ತಿರುಗಿ ಅವರ ಮೇಲೆ ಬಿದ್ದಿತು. ಹಿಂದಿರುಗುವ ಪಾರ್ಥಿಯನ್, ಭಾರತೀಯ ಮತ್ತು ಪರ್ಷಿಯನ್ ಸವಾರರಿಗೆ ಪಾರ್ಮೇನಿಯನ್ನನ ಸಹಾಯಕ್ಕೆಂದು ಬರುತ್ತಿದ್ದ ಅಲೆಕ್ಸಾಂಡರನೇ ಎದುರಾದ. ಆ ದಿನದ ಅತ್ಯಂತ ಉಗ್ರವಾದ ಅಶ್ವಯುದ್ಧ ಅಲ್ಲಿ ನಡೆಯಿತೆಂದು ಅರ್ರಿಯನ್ ಬರೆಯುತ್ತಾನೆ: ಈಟಿ ಎಸೆಯುವುದು, ಕುದುರೆ ತಿರುಗಿಸುವುದು ಯಾವುದೂ ಇಲ್ಲದೆ, ಗೆಲುವಿಗಾಗಿ ಅಲ್ಲ, ತಮ್ಮ ಜೀವಕ್ಕಾಗಿ ದಾರಿ ಸೀಳಿಕೊಂಡು ಹೋಗಲು ಮೈಗೆ ಮೈ ತಾಗಿಸಿ ಹೊಡೆದಾಡಿದರು. ನಾನು ಮೇಲೆ ಹೇಳಿದ 60 ಮಂದಿ ಸತ್ತದ್ದು ಇಲ್ಲಿಯೇ. ಅಲೆಕ್ಸಾಂಡರನ ಪ್ರಾಣಸ್ನೇಹಿತ ಹೆಫಾಯಿಸ್ಟಿಯನ್ ಗಾಯಗೊಂಡದ್ದೂ ಇಲ್ಲಿಯೇ. ಕ್ರಿ.ಪೂ. 326ರಲ್ಲಿ ಝೇಲಂ ದಡದಲ್ಲಿ ಪೋರಸನು ಅಲೆಕ್ಸಾಂಡರನನ್ನು ಎದುರಿಸಿದ ಕಥೆ ನಮ್ಮ ಪ್ರತಿ ಮಗುವಿಗೂ ಗೊತ್ತು. ಅದಕ್ಕೆ ಐದು ವರ್ಷ ಮೊದಲೇ, ತಮ್ಮ ಊರಿನಿಂದ ಅಷ್ಟು ದೂರದ ಬಯಲಿನಲ್ಲಿ, ಬೇರೊಬ್ಬ ರಾಜನ ಧ್ವಜದ ಕೆಳಗೆ ಅವನನ್ನು ಎದುರಿಸಿದ ಈ ಅನಾಮಿಕ ಸವಾರರ ಹೆಸರನ್ನಲ್ಲದಿದ್ದರೂ ಇರವನ್ನಾದರೂ ಹೇಳುವುದು ನಮ್ಮ ಕರ್ತವ್ಯವಲ್ಲವೇ?

ಇನ್ನು ಡೇರಿಯಸ್ ಓಡಿದ ವಿಚಾರ. ಅವನು ಎಲ್ಲರಿಗಿಂತ ಮೊದಲು ಬೆನ್ನು ತಿರುಗಿಸಿದನೆಂದು ಹೇಳುವುದು ಅರ್ರಿಯನ್. ಡಿಯೊಡೋರಸ್ ಹೇಳುವುದು ಬೇರೆ: ಅಲೆಕ್ಸಾಂಡರ್ ಎಸೆದ ಈಟಿ ರಾಜನಿಗೆ ತಾಗದೆ ಅವನ ಸಾರಥಿಗೆ ತಾಗಿತು, ಸುತ್ತಲಿನವರು ಬೊಬ್ಬಿಟ್ಟರು, ದೂರದಲ್ಲಿದ್ದವರು ರಾಜನೇ ಬಿದ್ದನೆಂದು ತಿಳಿದು ಓಡತೊಡಗಿದರು, ಸಾಲು ಸಾಲಾಗಿ ಪಡೆ ಕರಗಿ ಎರಡೂ ಬದಿ ಬರಿದಾದ ಮೇಲೆ ಡೇರಿಯಸ್ ಹಿಮ್ಮೆಟ್ಟಿದ. ಕರ್ಟಿಯಸನಲ್ಲಿಯೂ ಸಾರಥಿಯ ಸಾವಿನಿಂದ ಹುಟ್ಟಿದ ಇದೇ ಗೊಂದಲ ಬರುತ್ತದೆ. ಅಂದಹಾಗೆ, ಸಿಂಹಾಸನಕ್ಕೇರುವ ಮೊದಲು ಕಡೂಸಿಯನ್ನರೆಂಬ ಬುಡಕಟ್ಟಿನವರ ವಿರುದ್ಧದ ಯುದ್ಧದಲ್ಲಿ ಅವರ ವೀರನೊಬ್ಬನನ್ನು ದ್ವಂದ್ವಯುದ್ಧದಲ್ಲಿ ಕೊಂದು ಹೆಸರು ಗಳಿಸಿದವನು ಇದೇ ಡೇರಿಯಸ್ ಎಂದೂ ಡಿಯೊಡೋರಸ್ ದಾಖಲಿಸಿದ್ದಾನೆ. ಗೆದ್ದ ಪಕ್ಷದ ಮೂಲಗಳಲ್ಲಿಯೇ ಹೀಗೆ ಎರಡು ಮಾತಿರುವಾಗ ಹೇಡಿ ಎಂಬ ಪಟ್ಟಕ್ಕೆ ಅವಸರ ಪಡುವುದು ಸರಿಯಲ್ಲ.

ಈ ವಿವಾದದಲ್ಲಿ ನಮಗೆ ಮೂರನೆಯ ಸಾಕ್ಷಿಯೊಂದು ಸಿಕ್ಕಿದೆ. ಈ ಪತ್ರ ಬರೆಯಲು ನನ್ನನ್ನು ಪ್ರೇರೇಪಿಸಿದ್ದು ಮುಖ್ಯವಾಗಿ ಅದೇ. ಬ್ಯಾಬಿಲೋನಿನ ವಿದ್ವಾಂಸರು ಶತಮಾನಗಳ ಕಾಲ ಆಕಾಶವನ್ನು ರಾತ್ರಿ ರಾತ್ರಿಯೂ ವೀಕ್ಷಿಸಿ ದಿನಚರಿ ಬರೆದಿಡುತ್ತಿದ್ದರು. ಚಂದ್ರನ ಸ್ಥಾನ, ಗ್ರಹಗಳ ಉದಯಾಸ್ತ, ಮೋಡ, ಗಾಳಿ, ನದಿಯ ನೀರಿನ ಮಟ್ಟ, ಬಾರ್ಲಿ, ಖರ್ಜೂರ, ಎಳ್ಳು, ಉಣ್ಣೆಗಳ ಧಾರಣೆ, ಅದರ ಜೊತೆಗೆ ಆ ತಿಂಗಳ ಮುಖ್ಯ ಘಟನೆಗಳು, ಇವೆಲ್ಲವನ್ನೂ ಹಸಿ ಜೇಡಿಮಣ್ಣಿನ ಫಲಕದ ಮೇಲೆ ಬೆಣೆಲಿಪಿಯಲ್ಲಿ ಒತ್ತಿ ಇಡುವುದು ಅವರ ಪದ್ಧತಿ. ಕ್ರಿ.ಪೂ. 331ರ ಅಂಥ ಫಲಕವೊಂದರ ತುಂಡು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರ ಪಾಠ ಮತ್ತು ಅನುವಾದ 1988ರಲ್ಲಿ ಪ್ರಕಟವಾಯಿತು. ಬ್ಯಾಬಿಲೋನಿನ ಆರನೇ ತಿಂಗಳಾದ ಉಲೂಲು ಮಾಸದ 11ರಂದು, ನಮ್ಮ ಲೆಕ್ಕದಲ್ಲಿ ಸೆಪ್ಟೆಂಬರ್ 18ರಂದು, ರಾಜನ ಪಾಳೆಯದಲ್ಲಿ ದಿಗಿಲು ಹಬ್ಬಿತೆಂದು ಅದರಲ್ಲಿದೆ. ಎರಡು ದಿನಗಳ ಮೇಲೆ ಚಂದ್ರಗ್ರಹಣ. ಆಗ ಗುರುಗ್ರಹ ಅಸ್ತವಾಗಿತ್ತೆಂದೂ ಪಶ್ಚಿಮದ ಗಾಳಿ ಬೀಸುತ್ತಿತ್ತೆಂದೂ ಲಿಪಿಕಾರ ಗುರುತಿಸಿದ್ದಾನೆ. ಗ್ರಹಣಕಾಲದಲ್ಲಿ ಗುರು ಕಾಣಿಸಿಕೊಂಡರೆ ರಾಜನಿಗೆ ಕ್ಷೇಮವೆಂಬುದು ಬ್ಯಾಬಿಲೋನಿನ ಶಕುನಶಾಸ್ತ್ರದ ನಂಬಿಕೆಯಾಗಿದ್ದುದರಿಂದ, ಆ ಒಂದು ಟಿಪ್ಪಣಿಯ ಹಿಂದೆ ಎಷ್ಟು ಆತಂಕವಿದ್ದಿರಬಹುದೆಂಬುದನ್ನು, ಗ್ರಹಣವೆಂದರೆ ಈಗಲೂ ಪಂಚಾಂಗ ತೆಗೆದು ರಾಶಿಫಲ ನೋಡುವ ನಮ್ಮ ಕರಾವಳಿಯ ಜನರಿಗೆ ನಾನು ವಿವರಿಸಬೇಕಾಗಿಲ್ಲ. ಅದೇ ಗ್ರಹಣವನ್ನು ಟೈಗ್ರಿಸ್ ನದಿ ದಾಟಿದ್ದ ಅಲೆಕ್ಸಾಂಡರನ ಪಾಳೆಯವೂ ನೋಡಿತ್ತು. ಅಲ್ಲಿನ ಕಾಲಜ್ಞಾನಿ ಅರಿಸ್ಟಾಂಡರ್ ಅದನ್ನು ಶುಭಶಕುನವೆಂದು ಸಾರಿದ್ದ. ಗ್ರಹಣದ ಹನ್ನೊಂದನೆಯ ರಾತ್ರಿ ಎರಡೂ ಸೈನ್ಯಗಳು ಎದುರುಬದುರಾದವೆಂಬ ಪ್ಲುಟಾರ್ಕ್‌ನ ಮಾತಿಗೂ, ಉಲೂಲು ಮಾಸದ 24ನೇ ದಿನ ಬೆಳಿಗ್ಗೆ ಯುದ್ಧವೆಂಬ ಫಲಕದ ಮಾತಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಾವು ಅಕ್ಟೋಬರ್ 1 ಎಂಬ ತಾರೀಖನ್ನು ಇಷ್ಟು ಖಚಿತವಾಗಿ ಹೇಳಲು ಸಾಧ್ಯವಾಗಿರುವುದು ಈ ಹೊಂದಾಣಿಕೆಯಿಂದ.

ಯುದ್ಧದ ಬಗ್ಗೆ ಫಲಕ ಹೇಳುವುದು ಕೆಲವೇ ಮಾತು. ಪರಸ್ಪರ ಎದುರಾಗಿ ಕಾದಿದರು. ರಾಜನ ಪಡೆಗಳಿಗೆ ಭಾರಿ ಸೋಲಾಯಿತು. ರಾಜನನ್ನು ಅವನ ಪಡೆಗಳು ತೊರೆದವು, ತಮ್ಮ ತಮ್ಮ ಊರುಗಳಿಗೆ ಹೊರಟುಹೋದವು. ಅರ್ರಿಯನ್ ಪ್ರಕಾರ ರಾಜ ಸೈನ್ಯವನ್ನು ಬಿಟ್ಟು ಓಡಿದ. ಬ್ಯಾಬಿಲೋನಿನ ಲಿಪಿಕಾರನ ಪ್ರಕಾರ ಸೈನ್ಯ ರಾಜನನ್ನು ಬಿಟ್ಟು ಹೋಯಿತು. ಒಂದು 400 ವರ್ಷಗಳ ಮೇಲೆ ಬರೆದದ್ದು, ಇನ್ನೊಂದು ಘಟನೆಯ ಬೆನ್ನಲ್ಲೇ ಬರೆದದ್ದು. ಈ ಎರಡನೆಯ ಮಾತು ಕನ್ನಡದಲ್ಲಿ ಇದುವರೆಗೆ ಎಷ್ಟು ಜನರ ಕಿವಿಗೆ ಬಿದ್ದಿದೆ?

ಫಲಕವನ್ನೂ ಕಣ್ಣುಮುಚ್ಚಿ ನಂಬಬೇಕೆಂಬುದು ನನ್ನ ವಾದವಲ್ಲ. ಬ್ಯಾಬಿಲೋನ್ ಕ್ರಿ.ಪೂ. 539ರಿಂದ ಪರ್ಷಿಯನ್ನರ ಕೈಯಲ್ಲಿತ್ತು. ಅಲ್ಲಿನ ದೇವಾಲಯದ ವಿದ್ವಾಂಸರಿಗೆ ಡೇರಿಯಸನ ಮೇಲೆ ವಿಶೇಷ ಮಮತೆ ಇದ್ದಿರಲಾರದು, ಹೊಸ ಒಡೆಯನ ಭಯವಂತೂ ಇದ್ದೇ ಇತ್ತು. ಯುದ್ಧಭೂಮಿಯಿಂದ ನೂರಾರು ಮೈಲಿ ದೂರದಲ್ಲಿದ್ದ ಅವರಿಗೆ ಸುದ್ದಿ ಬೇರೆಯವರ ಬಾಯಿಂದಲೇ ಬಂದಿರಬೇಕು. ಫಲಕವೂ ಅಲ್ಲಲ್ಲಿ ಒಡೆದಿದೆ. ಆದರೂ ಅದು ಹೇಳುವ ಮಾತು ಮುಂದಿನ ತಿಂಗಳುಗಳಲ್ಲಿ ನಡೆದದ್ದರ ಜೊತೆ ಚೆನ್ನಾಗಿ ಹೊಂದುತ್ತದೆ ಎಂಬುದೇ ಅದರ ಬಲ.

ಪರ್ಷಿಯನ್ ಸೈನ್ಯ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದು ವಾಸ್ತವದಲ್ಲಿ ಹತ್ತಾರು ಪ್ರಾಂತಗಳ ಪಡೆಗಳ ಕೂಟ. ಪ್ರತಿ ಪಡೆಗೂ ಅದರದೇ ಕ್ಷತ್ರಪ, ಅದರದೇ ಭಾಷೆ, ಅದರದೇ ಆಯುಧ. ಅವರನ್ನೆಲ್ಲ ಕಟ್ಟಿಹಿಡಿದಿದ್ದದ್ದು ಸಾಲಿನ ನಟ್ಟನಡುವೆ ರಥದ ಮೇಲೆ ಎಲ್ಲರಿಗೂ ಕಾಣುವಂತೆ ನಿಂತ ರಾಜ. ರಾಜ ನಡುವೆ ನಿಲ್ಲುವುದೇ ಪರ್ಷಿಯನ್ನರ ಸಂಪ್ರದಾಯವೆಂದು ಅರ್ರಿಯನ್ ಕೂಡ ಹೇಳುತ್ತಾನೆ. ಆ ರಾಜನ ಸುತ್ತ ಧೂಳೆದ್ದು, ಅವನು ಬದುಕಿದ್ದಾನೋ ಇಲ್ಲವೋ ತಿಳಿಯದಾದಾಗ ಪ್ರತಿಯೊಬ್ಬ ಕ್ಷತ್ರಪನೂ ತನ್ನ ಪಡೆಯನ್ನು ಉಳಿಸಿಕೊಂಡು ತನ್ನ ನಾಡಿಗೆ ಹೊರಡುವುದೇ ಲೇಸೆಂದು ಬಗೆದ. ಬೆಸಸ್ ತನ್ನ ಬ್ಯಾಕ್ಟ್ರಿಯನ್ ಸವಾರರೊಡನೆ ರಣರಂಗದಿಂದ ಪಾರಾದ. ಪಾರ್ಮೇನಿಯನ್ನನನ್ನು ಬಹುತೇಕ ಸೋಲಿಸಿಯೇಬಿಟ್ಟಿದ್ದ ಮಜಾಯಸ್ ಬ್ಯಾಬಿಲೋನಿಗೆ ಹೋಗಿ, ಅಲೆಕ್ಸಾಂಡರ್ ಸಮೀಪಿಸುತ್ತಿದ್ದಂತೆ ಹೊರಬಂದು ನಗರವನ್ನು ಒಪ್ಪಿಸಿದ. ಅಲೆಕ್ಸಾಂಡರ್ ಅವನನ್ನೇ ಬ್ಯಾಬಿಲೋನಿನ ಕ್ಷತ್ರಪನನ್ನಾಗಿ ನೇಮಿಸಿದ. ಸೂಸಾದ ಕ್ಷತ್ರಪ ಅಬುಲಿಟಿಸ್ ಅಪಾರ ಬೆಳ್ಳಿಯ ಭಂಡಾರದ ಸಮೇತ ನಗರ ಒಪ್ಪಿಸಿ ತನ್ನ ಹುದ್ದೆ ಉಳಿಸಿಕೊಂಡ. ಪರ್ಸೆಪೊಲಿಸ್‌ನ ದಾರಿಯ ಕಣಿವೆಯಲ್ಲಿ ಅರಿಯೋಬರ್ಜನಿಸ್ ಕೆಲಕಾಲ ಕೆಚ್ಚೆದೆಯಿಂದ ತಡೆದು ನಿಂತದ್ದನ್ನು ಬಿಟ್ಟರೆ, ಸಾಮ್ರಾಜ್ಯದ ನಡುನಾಡು ಬಹುಮಟ್ಟಿಗೆ ದೊಡ್ಡ ಹೋರಾಟವಿಲ್ಲದೆ ಕೈಬದಲಾಯಿತು. ಕ್ರಿ.ಪೂ. 330ರಲ್ಲಿ ಪರ್ಸೆಪೊಲಿಸ್ ಅರಮನೆ ಸುಟ್ಟುಹೋಯಿತು. ಅದೇ ವರ್ಷ ಜುಲೈ ತಿಂಗಳಲ್ಲಿ ಪೂರ್ವದಿಕ್ಕಿಗೆ ಹಿಮ್ಮೆಟ್ಟುತ್ತಿದ್ದ ಡೇರಿಯಸನನ್ನು ಬೆಸಸ್ ಮತ್ತು ಬರ್ಸಾಯಂಟಿಸ್ ಮೊದಲಾದ ಅವನದೇ ಕ್ಷತ್ರಪರು ಸೆರೆಹಿಡಿದು ಕೊಂದರು. ಬೆಸಸ್ ತಾನೇ ರಾಜನೆಂದು ಘೋಷಿಸಿಕೊಂಡ. ಬರ್ಸಾಯಂಟಿಸ್ ಸಿಂಧೂ ದಡದ ಭಾರತೀಯರ ಬಳಿಗೆ ಓಡಿಬಂದ. ಅವರು ಅವನನ್ನು ಹಿಡಿದು ಅಲೆಕ್ಸಾಂಡರನಿಗೆ ಕಳುಹಿಸಿದರು, ರಾಜದ್ರೋಹಕ್ಕಾಗಿ ಅವನಿಗೆ ಮರಣದಂಡನೆಯಾಯಿತು. ಡೇರಿಯಸನ ಶವಕ್ಕೆ ರಾಜೋಚಿತ ಸಂಸ್ಕಾರ ಮಾಡಿಸಿದವನು ಅಲೆಕ್ಸಾಂಡರ್. ತನ್ನವರೇ ತೊರೆದ ರಾಜನೆಂದು ಫಲಕ ಹೇಳಿದ ಮಾತನ್ನು ಮುಂದಿನ ಒಂಬತ್ತು ತಿಂಗಳ ಈ ಇತಿಹಾಸ ಹೆಜ್ಜೆಹೆಜ್ಜೆಗೂ ಎತ್ತಿಹಿಡಿಯುತ್ತದೆ.

ನಮ್ಮ ಉಡುಪಿ, ಮಂಗಳೂರಿನ ಓದುಗರಿಗೆ ಇಂಥ ಎರಡು ಬದಿಯ ವಿಚಾರಣೆ ಹೊಸದೇನಲ್ಲ. ತಾಳಮದ್ದಳೆಯಲ್ಲಿ ಕೌರವನ ಅರ್ಥ ಹೇಳುವವನಿಗೆ ಕೃಷ್ಣನ ಅರ್ಥಧಾರಿಗೆ ಸಿಗುವಷ್ಟೇ ಹೊತ್ತು ಸಿಗುತ್ತದೆ. ಅವನ ವಾದ ದುರ್ಬಲವಾದರೆ ಕೇಳುಗರಿಗೆ ಸಮಾಧಾನವಾಗುವುದಿಲ್ಲ. ಸಂಧಾನ ಪ್ರಸಂಗದ ಕೊನೆ ಏನೆಂದು ಗೊತ್ತಿದ್ದೂ ರಾತ್ರಿಯಿಡೀ ಕುಳಿತು ಸೋಲುವವನ ಮಾತನ್ನು ಗೌರವದಿಂದ ಕೇಳುವ ಈ ಜನರಿಗೆ ಗೌಗಮೇಲದ ಕಥೆಯನ್ನು ಒಂದೇ ಕಡೆಯಿಂದ ಹೇಳುವ ಅಗತ್ಯ ಖಂಡಿತ ಇಲ್ಲ.

ಪರ್ಷಿಯಾ ಎಲ್ಲಿ, ಕರ್ನಾಟಕ ಎಲ್ಲಿ ಎಂದು ಕೇಳುವವರಿಗೂ ಒಂದು ಮಾತು. ಆ ಸಾಮ್ರಾಜ್ಯದ ಆಡಳಿತ ನಡೆಯುತ್ತಿದ್ದದ್ದು ಹೆಚ್ಚಾಗಿ ಅರಮೇಯಿಕ್ ಲಿಪಿಯಲ್ಲಿ. ವಾಯವ್ಯ ಭಾರತದಲ್ಲಿ ಬಳಕೆಗೆ ಬಂದ ಖರೋಷ್ಠಿ ಲಿಪಿ ಹುಟ್ಟಿದ್ದು ಆ ಅರಮೇಯಿಕ್‌ನಿಂದಲೇ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ.ಎಲ್. ರೈಸ್ ಪತ್ತೆಹಚ್ಚಿದ ಅಶೋಕನ ಶಾಸನ ಬ್ರಾಹ್ಮೀ ಲಿಪಿಯಲ್ಲಿದೆ. ಆದರೆ ಅದನ್ನು ಬರೆದ ಚಪಡ ಎಂಬಾತ ಕೊನೆಯಲ್ಲಿ ತನ್ನ ವೃತ್ತಿಯನ್ನು ಸೂಚಿಸುವ ಪದವನ್ನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅಕೆಮೆನಿಡ್ ಆಡಳಿತ ಅಳಿದು ಮುಕ್ಕಾಲು ಶತಮಾನದಷ್ಟು ಕಳೆದ ಮೇಲೂ ಅದು ಬೆಳೆಸಿದ ಬರವಣಿಗೆಯ ಪರಂಪರೆಯೊಂದು ನಮ್ಮ ರಾಜ್ಯದ ಬಂಡೆಯ ಮೇಲೆ ಕೂತಿದೆ. ಗೌಗಮೇಲದಲ್ಲಿ ಬಿದ್ದ ಸಾಮ್ರಾಜ್ಯ ನಮಗೆ ಸಂಬಂಧವಿಲ್ಲದ ದೂರದ ವಸ್ತುವೆಂದು ಭಾವಿಸುವ ಅಧ್ಯಾಪಕರು ಮಕ್ಕಳನ್ನು ಒಮ್ಮೆ ಬ್ರಹ್ಮಗಿರಿಗೆ ಕರೆದೊಯ್ಯಲಿ.

ಕೊನೆಯದಾಗಿ ಎರಡು ವಿನಂತಿಗಳು. ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಬ್ಯಾಬಿಲೋನಿನ ಆ ಫಲಕದ ಚಿತ್ರವನ್ನೂ ಅದರಲ್ಲಿ ಗೌಗಮೇಲಕ್ಕೆ ಸಂಬಂಧಿಸಿದ ನಾಲ್ಕಾರು ಸಾಲುಗಳ ಕನ್ನಡ ಅನುವಾದವನ್ನೂ, ಅದರ ಪಕ್ಕದಲ್ಲಿಯೇ ಅರ್ರಿಯನ್ನನ ವರ್ಣನೆಯ ಅದೇ ಭಾಗವನ್ನೂ ಮುದ್ರಿಸಿ, ಯಾವ ಸಾಕ್ಷಿಯನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದೆಯೇ ಇಡಬೇಕು. ಹಾಗೆಯೇ ಮುಂದೆ ಯಾವ ಪ್ರಾಚೀನ ಯುದ್ಧದ ಬಗ್ಗೆ ಲೇಖನ ಪ್ರಕಟಿಸಿದರೂ ಸೈನ್ಯದ ಸಂಖ್ಯೆಯನ್ನು ಕೊಡುವಲ್ಲಿ ಆ ಸಂಖ್ಯೆ ಯಾರದು, ಎಷ್ಟು ವರ್ಷಗಳ ನಂತರ ಬರೆದದ್ದು ಎಂಬುದನ್ನು ಅದೇ ವಾಕ್ಯದಲ್ಲಿ ತಿಳಿಸುವಂತೆ ಲೇಖಕರಿಗೆ ಸೂಚಿಸಬೇಕು.

ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಅಧ್ಯಾಪಕ, ಉಡುಪಿ